ಹೆನ್ರಿ ಚಾಡ್ವಿಕ್

ಬೇಸ್‌ಬಾಲ್ ಆಟದ ಲೆಕ್ಕಕ್ಕೆ ಶಿಸ್ತು ತಂದವರಲ್ಲಿ ಹೆನ್ರಿ ಚಾಡ್ವಿಕ್ ಅಗ್ರಗಣ್ಯನು. ೧೮೨೪ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಜನಿಸಿದ ಅವನು ೧೮೩೭ರಲ್ಲಿ ಅಮೆರಿಕದ ಬ್ರೂಕ್ಲಿನ್ನಿಗೆ ಬಂದು ನೆಲೆಸಿದನು. ಕ್ರಿಕೆಟ್ ಪಂದ್ಯಗಳ ವರದಿಗಾರನಾಗಿದ್ದವನು ೧೮೫೬ರ ಸುಮಾರಿಗೆ ಬೇಸ್‌ಬಾಲಿಗೆ ಮನಸೋತನು. ಪ್ರತಿಯೊಬ್ಬ ಆಟಗಾರನ ಸಾಧನೆಯನ್ನೂ ಪಟ್ಟಿಮಾಡಿ ಪತ್ರಿಕೆಯಲ್ಲಿ ಪ್ರಕಟಿಸುವ ಕ್ರಮವನ್ನು ಬೆಳೆಸಿದನು.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಎದುರಾಳಿಗಳು ಪಡೆದ ರನ್ನುಗಳಿಗೆಲ್ಲ ಅವನೊಬ್ಬನೇ ಹೊಣೆಯೆ? ಸುಲಭವಾದ ಕ್ಯಾಚನ್ನು ಕ್ಷೇತ್ರರಕ್ಷಕನು ಕೈಬಿಟ್ಟರೆ ಅದು ಪಿಚರನ ದೋಷವಲ್ಲ. ಆದುದರಿಂದ ಎದುರಾಳಿಗಳು ತಮ್ಮ ಸಾಮರ್ಥ್ಯದಿಂದ ಗಳಿಸಿದ ರನ್ನುಗಳನ್ನೂ ಇತರರ ತಪ್ಪಿನಿಂದ ಅವರಿಗೆ ದೊರೆತ ರನ್ನುಗಳನ್ನೂ ಬೇರೆಬೇರೆಯಾಗಿ ಎಣಿಸಬೇಕೆಂದು ಚಾಡ್ವಿಕ್ ಪ್ರತಿಪಾದಿಸಿದನು.

ತಪ್ಪುಗಳೇ ನಡೆಯದಿದ್ದರೆ ಆಟ ಹೇಗೆ ಸಾಗುತ್ತಿತ್ತೆಂಬುದನ್ನು ಲೆಕ್ಕ ಬರೆಯುವವನು ಇಂದು ವಿವೇಚಿಸುತ್ತಾನೆ. ಮೂವರು ಔಟಾದರೆ ಒಂದು ಸರದಿ ಮುಗಿಯುತ್ತದೆ. ಮೂರನೆಯವನನ್ನು ಔಟ್ ಮಾಡಬೇಕಾಗಿದ್ದ ಕ್ಯಾಚು ಕೈತಪ್ಪಿದರೆ, ಆ ಸರದಿಯಲ್ಲಿ ಅನಂತರ ಬಂದ ಯಾವ ರನ್ನೂ ಆ ಪಿಚರನ ಸರಾಸರಿಗೆ ಸೇರುವುದಿಲ್ಲ.

ಚಾಡ್ವಿಕ್ ೧೯೦೮ರಲ್ಲಿ ನಿಧನನಾದನು. ೧೯೧೨ರಲ್ಲಿ ನ್ಯಾಷನಲ್ ಲೀಗ್ ಪಿಚರುಗಳ ಈ ಸರಾಸರಿಯನ್ನು ಅಧಿಕೃತವಾಗಿ ಸ್ವೀಕರಿಸಿತು. ಒಬ್ಬನ ತಪ್ಪನ್ನು ಇನ್ನೊಬ್ಬನ ಮೇಲೆ ಹೊರಿಸಬಾರದೆಂಬ ನ್ಯಾಯಬುದ್ಧಿಯೇ ಆ ಅಂಕಿಗಳ ತಿರುಳು.