ಮಾವನ ಸರಕಾರವನ್ನೇ ಪ್ರಶ್ನಿಸಿದ ಸಂಸದ ಫಿರೋಜ್ ಗಾಂಧಿ

ವಿಧಾನಸೌಧದಲ್ಲಿ ಶಾಸಕರೊಬ್ಬರು ಮಾಡಿದ ಆರೋಪ ಮರುದಿನ ಬೆಳಗ್ಗೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆರೋಪಕ್ಕೆ ಗುರಿಯಾದವರು ಎಷ್ಟೇ ಪ್ರಭಾವಿಗಳಾಗಿದ್ದರೂ, ಸದನದಲ್ಲಿ ನಡೆದುದನ್ನು ಪ್ರಾಮಾಣಿಕವಾಗಿ ವರದಿ ಮಾಡಿದ ಕಾರಣಕ್ಕಾಗಿ ಪತ್ರಿಕೆಯನ್ನು ನ್ಯಾಯಾಲಯದ ಕಟಕಟೆಗೆ ಎಳೆದು ಶಿಕ್ಷಿಸಲು ಸಾಧ್ಯವಿಲ್ಲ. ಇಂದು ಸಹಜವೆನಿಸುವ ಈ ರಕ್ಷಣೆ ಸ್ವತಂತ್ರ ಭಾರತದ ಮೊದಲ ವರ್ಷಗಳಲ್ಲಿ ಇರಲಿಲ್ಲ. ಅದಕ್ಕೆ ಬುನಾದಿ ಹಾಕಿದವರು ಆಡಳಿತ ಪಕ್ಷದ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಓರ್ವ ಸಂಸದರು. ಅವರೇ ಫಿರೋಜ್ ಗಾಂಧಿ.

ಜವಾಹರಲಾಲ್ ನೆಹರೂ ಅವರ ಅಳಿಯ, ಇಂದಿರಾ ಗಾಂಧಿಯವರ ಪತಿ, ರಾಜೀವ್ ಗಾಂಧಿಯವರ ತಂದೆ. ಫಿರೋಜ್ ಅವರ ಪರಿಚಯ ಬಹುಮಟ್ಟಿಗೆ ಈ ಮೂರು ಸಂಬಂಧಗಳಲ್ಲೇ ಮುಗಿದುಹೋಗುತ್ತದೆ. ಆದರೆ ಭಾರತದ ಸಂಸದೀಯ ಇತಿಹಾಸದಲ್ಲಿ ಅವರಿಗಿರುವ ಸ್ಥಾನಕ್ಕೆ ಈ ಸಂಬಂಧಗಳ ಹಂಗಿಲ್ಲ. ಸಾರ್ವಜನಿಕರ ಹಣ ಎಲ್ಲಿಗೆ ಹೋಯಿತು ಎಂದು ಕೇಳುವುದು ಪ್ರತಿಪಕ್ಷದ ಕೆಲಸ ಮಾತ್ರವಲ್ಲ, ಪ್ರತಿಯೊಬ್ಬ ಸದಸ್ಯನ ಕರ್ತವ್ಯ ಎಂಬುದನ್ನು ಅವರು ಕೃತಿಯಲ್ಲಿ ತೋರಿಸಿದರು. ಅದಕ್ಕಾಗಿ ಸ್ವಂತ ಪಕ್ಷದ, ಸ್ವಂತ ಮಾವನ ಸರಕಾರವನ್ನು ಎದುರು ಹಾಕಿಕೊಳ್ಳಲೂ ಹಿಂಜರಿಯಲಿಲ್ಲ.

ಮುಂಬಯಿಯಿಂದ ಅಲಹಾಬಾದಿಗೆ

ಫಿರೋಜ್ ಜನಿಸಿದ್ದು 1912ರ ಸೆಪ್ಟೆಂಬರ್ 12ರಂದು, ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ. ತಂದೆ ಜಹಾಂಗೀರ್ ಫರೇದೂನ್ ಅವರು ಹಡಗಿನ ಎಂಜಿನಿಯರ್, ತಾಯಿ ರತಿಮಾಯಿ. ಐವರು ಮಕ್ಕಳಲ್ಲಿ ಫಿರೋಜ್ ಕೊನೆಯವರು. ಮಹಾತ್ಮ ಗಾಂಧಿಯವರ ಕುಟುಂಬಕ್ಕೂ ಇವರಿಗೂ ರಕ್ತಸಂಬಂಧವಿಲ್ಲ. ಪಾರ್ಸಿ ಮನೆತನದ ಹೆಸರಿನ ಕಾಗುಣಿತ ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಬದಲಾಗಿ ಗಾಂಧಿ ಎಂದಾಯಿತು.

ತಂದೆಯ ನಿಧನಾನಂತರ ಕುಟುಂಬ ಅಲಹಾಬಾದಿಗೆ ಬಂತು. ಅಲ್ಲಿನ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕಿಯಾಗಿದ್ದ ಚಿಕ್ಕಮ್ಮ ಶಿರೀನ್ ಕಮಿಸರಿಯಟ್ ಅವರ ಆಶ್ರಯದಲ್ಲಿ ಬಾಲಕ ಬೆಳೆದ. 1930ರಲ್ಲಿ ಇವಿಂಗ್ ಕ್ರಿಶ್ಚಿಯನ್ ಕಾಲೇಜಿನ ಎದುರು ಮಹಿಳೆಯರು ನಡೆಸುತ್ತಿದ್ದ ಧರಣಿಯಲ್ಲಿ ಕಮಲಾ ನೆಹರೂ ಬಿಸಿಲಿನ ಝಳಕ್ಕೆ ಕುಸಿದು ಬಿದ್ದಾಗ ನೆರವಿಗೆ ಧಾವಿಸಿದವರಲ್ಲಿ ವಿದ್ಯಾರ್ಥಿ ಫಿರೋಜ್ ಒಬ್ಬರು. ಆ ಘಟನೆ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಕಾಲೇಜು ತೊರೆದು ಚಳವಳಿಗೆ ಧುಮುಕಿದರು. ಫೈಜಾಬಾದ್ ಜೈಲಿನಲ್ಲಿ ಅವರ ಸಹಬಂದಿಯಾಗಿದ್ದವರು ಲಾಲ್ ಬಹದ್ದೂರ್ ಶಾಸ್ತ್ರಿ.

ಮುಂದೆ ವ್ಯಾಸಂಗಕ್ಕಾಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1942ರ ಮಾರ್ಚ್‌ನಲ್ಲಿ ಅಲಹಾಬಾದಿನ ಆನಂದ ಭವನದಲ್ಲಿ ಇಂದಿರಾ ಅವರೊಂದಿಗೆ ವಿವಾಹ ನೆರವೇರಿತು. ಅದೇ ವರ್ಷ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ನವದಂಪತಿ ಇಬ್ಬರೂ ಸೆರೆಮನೆ ಸೇರಿದರು. ಬಿಡುಗಡೆಯ ನಂತರ ಫಿರೋಜ್ ಲಖನೌದ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ವ್ಯವಸ್ಥಾಪಕ ನಿರ್ದೇಶಕರಾದರು. ಪತ್ರಿಕಾಲಯದ ಈ ಅನುಭವ ಸಂಸತ್ತಿನಲ್ಲಿ ಅವರ ಕೈ ಹಿಡಿಯಿತು.

ವಿಮಾ ಹಣದ ಲೆಕ್ಕ

1950ರಲ್ಲಿ ತಾತ್ಕಾಲಿಕ ಸಂಸತ್ತಿನ ಸದಸ್ಯರಾದ ಫಿರೋಜ್, 1952ರ ಪ್ರಥಮ ಮಹಾಚುನಾವಣೆಯಲ್ಲಿ ಉತ್ತರ ಪ್ರದೇಶದ ರಾಯ್‌ಬರೇಲಿ ಭಾಗದಿಂದ ಲೋಕಸಭೆಗೆ ಆಯ್ಕೆಯಾದರು. ಮೊದಲ ವರ್ಷಗಳಲ್ಲಿ ಅವರು ಸದನದಲ್ಲಿ ಹೆಚ್ಚು ಸದ್ದು ಮಾಡಿದವರಲ್ಲ. 1955ರ ಡಿಸೆಂಬರ್‌ನಲ್ಲಿ ವಿಮಾ ಕಾಯಿದೆಯ ತಿದ್ದುಪಡಿಯನ್ನು ಕುರಿತ ಚರ್ಚೆಯಲ್ಲಿ ಎದ್ದು ನಿಂತಾಗ ಮಾತ್ರ ಸದನ ಕಿವಿ ನಿಮಿರಿಸಿ ಕೇಳಿತು.

ಅಂದು ಜೀವ ವಿಮೆ ಖಾಸಗಿಯವರ ಕೈಯಲ್ಲಿತ್ತು. ಬ್ಯಾಂಕು ಹಾಗೂ ವಿಮಾ ಕಂಪನಿಯ ಅಧ್ಯಕ್ಷಸ್ಥಾನದಲ್ಲಿ ಕುಳಿತ ಉದ್ಯಮಿಯೊಬ್ಬರು ಅಲ್ಲಿನ ಹಣವನ್ನು ತಮ್ಮ ಇತರ ಉದ್ಯಮಗಳಿಗೆ ಹೇಗೆ ಹರಿಸಿಕೊಳ್ಳಬಹುದು ಎಂಬುದನ್ನು ಫಿರೋಜ್ ಬಿಡಿಸಿಟ್ಟರು. ಅವರ ಗುರಿ ರಾಮಕೃಷ್ಣ ದಾಲ್ಮಿಯಾ ಅವರ ಉದ್ಯಮ ಸಮೂಹ. ವಾಗ್ವೈಭವಕ್ಕಿಂತ ಆಯವ್ಯಯ ಪಟ್ಟಿ, ದಿನಾಂಕ ಹಾಗೂ ಹಣ ವರ್ಗಾವಣೆಯ ವಿವರಗಳನ್ನೇ ಅವರು ನೆಚ್ಚಿದ್ದರು. ಭಾರತ್ ಇನ್ಷೂರೆನ್ಸ್ ಕಂಪನಿಯ ಹಣ ದುರುಪಯೋಗದ ಪ್ರಕರಣದಲ್ಲಿ ದಾಲ್ಮಿಯಾ ಅವರಿಗೆ ಮುಂದೆ ಜೈಲು ಶಿಕ್ಷೆಯಾಯಿತು. 1962ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

ಚರ್ಚೆ ನಡೆದ ಕೆಲವೇ ವಾರಗಳಲ್ಲಿ, 1956ರ ಜನವರಿ 19ರಂದು, ಕೇಂದ್ರ ಸರಕಾರ ಸುಗ್ರೀವಾಜ್ಞೆಯ ಮೂಲಕ ಜೀವ ವಿಮಾ ವ್ಯವಹಾರವನ್ನು ವಶಕ್ಕೆ ತೆಗೆದುಕೊಂಡಿತು. 245 ದೇಶೀ, ವಿದೇಶೀ ಕಂಪನಿಗಳು ಹಾಗೂ ಪ್ರಾವಿಡೆಂಟ್ ಸಂಘಗಳು ಒಂದಾಗಿ, ಅದೇ ವರ್ಷ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಅಸ್ತಿತ್ವಕ್ಕೆ ಬಂತು. ರಾಷ್ಟ್ರೀಕರಣಕ್ಕೆ ಕಾರಣಗಳು ಹಲವು. ಅದಕ್ಕೆ ಪೂರಕವಾದ ವಾತಾವರಣ ನಿರ್ಮಿಸುವಲ್ಲಿ ಫಿರೋಜ್ ಅವರ ಭಾಷಣದ ಪಾಲು ದೊಡ್ಡದು.

ವರದಿಗಾರನಿಗೊಂದು ಗುರಾಣಿ

ಇಂಥ ಆರೋಪಗಳನ್ನು ಸದನದೊಳಗೆ ಮಾಡಲು ಸಂಸದರಿಗೆ ಅಡ್ಡಿಯಿರಲಿಲ್ಲ. ಅಲ್ಲಿ ಆಡಿದ ಮಾತಿಗಾಗಿ ಸದಸ್ಯರ ಮೇಲೆ ಮೊಕದ್ದಮೆ ಹೂಡದಂತೆ ಸಂವಿಧಾನದ 105ನೇ ವಿಧಿ ರಕ್ಷಣೆ ಒದಗಿಸಿದೆ. ಆದರೆ ಅದೇ ಮಾತನ್ನು ಮುದ್ರಿಸುವ ಪತ್ರಿಕೆಗೆ ಆ ರಕ್ಷಣೆ ಇರಲಿಲ್ಲ. ಸಿರಿವಂತ ಉದ್ಯಮಿಯೊಬ್ಬ ಮಾನನಷ್ಟ ಮೊಕದ್ದಮೆ ಹೂಡಿ ಸಂಪಾದಕರನ್ನು ವರ್ಷಗಟ್ಟಲೆ ಅಲೆಸಬಹುದಿತ್ತು. ಹೀಗಾದರೆ ಸಂಸದ ಕೇಳಿದ ಪ್ರಶ್ನೆ ಸದನದ ನಾಲ್ಕು ಗೋಡೆಗಳೊಳಗೇ ಉಳಿಯುತ್ತಿತ್ತು. ಮತ ಹಾಕಿ ಕಳುಹಿಸಿದ ಜನರಿಗೆ ಅದು ತಲುಪುತ್ತಿರಲಿಲ್ಲ.

ಈ ಕೊರತೆಯನ್ನು ಗುರುತಿಸಿದ ಫಿರೋಜ್ 1956ರಲ್ಲಿ ಖಾಸಗಿ ಸದಸ್ಯರ ವಿಧೇಯಕವೊಂದನ್ನು ಮಂಡಿಸಿದರು. ಅದು ಅದೇ ವರ್ಷ ಸಂಸದೀಯ ಕಲಾಪಗಳ (ಪ್ರಕಟಣೆಯ ರಕ್ಷಣೆ) ಕಾಯಿದೆಯಾಗಿ ಜಾರಿಗೆ ಬಂತು. ಸಂಸತ್ತಿನ ಯಾವುದೇ ಸದನದ ಕಲಾಪವನ್ನು ಸಾರಾಂಶದಲ್ಲಿ ಸತ್ಯವಾಗಿ ವರದಿ ಮಾಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಜರುಗಿಸುವಂತಿಲ್ಲ ಎಂಬುದು ಅದರ ತಿರುಳು. ವರದಿಯಲ್ಲಿ ದುರುದ್ದೇಶ ಇರಕೂಡದು, ಅದು ಸಾರ್ವಜನಿಕ ಹಿತಕ್ಕಾಗಿ ಇರಬೇಕು ಎಂಬ ಷರತ್ತುಗಳೂ ಇದ್ದವು. ರೇಡಿಯೋ ಪ್ರಸಾರಕ್ಕೂ ರಕ್ಷಣೆ ವಿಸ್ತರಿಸಿತು. ಸಂಸತ್ತಿನಲ್ಲಿ ಇದುವರೆಗೆ ಕಾಯಿದೆಯಾಗಿರುವ ಖಾಸಗಿ ಸದಸ್ಯರ ವಿಧೇಯಕಗಳು 14 ಮಾತ್ರ, 1970ರ ಬಳಿಕ ಒಂದೂ ಇಲ್ಲ ಎಂಬುದನ್ನು ಗಮನಿಸಿದರೆ ಈ ಸಾಧನೆಯ ಮಹತ್ವ ಅರಿವಾಗುತ್ತದೆ. ಜನರ ಬಾಯಲ್ಲಿ ಅದು ಫಿರೋಜ್ ಗಾಂಧಿ ಕಾಯಿದೆ ಎಂದೇ ಹೆಸರಾಯಿತು.

ಮುಂಧ್ರಾ ಹಗರಣ

1957ರಲ್ಲಿ ರಾಯ್‌ಬರೇಲಿಯಿಂದ ಮರುಆಯ್ಕೆಯಾದ ಫಿರೋಜ್ ಅವರ ಮುಂದೆ ಇನ್ನೂ ಕಠಿಣವಾದ ಪರೀಕ್ಷೆಯಿತ್ತು. ದಾಲ್ಮಿಯಾ ಪ್ರಕರಣದಲ್ಲಿ ಎದುರಿಗಿದ್ದವರು ಖಾಸಗಿ ಉದ್ಯಮಿ. ಈ ಬಾರಿ ಎದುರಿಗಿದ್ದುದು ಸ್ವತಃ ಸರಕಾರ.

ರಾಷ್ಟ್ರೀಕರಣಗೊಂಡು ವರ್ಷ ತುಂಬುವ ಮುನ್ನವೇ, 1957ರ ಜೂನ್‌ನಲ್ಲಿ, ಜೀವ ವಿಮಾ ನಿಗಮವು ಕಲ್ಕತ್ತೆಯ ಉದ್ಯಮಿ ಹರಿದಾಸ್ ಮುಂಧ್ರಾಗೆ ಸಂಬಂಧಿಸಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.25 ಕೋಟಿ ರೂಪಾಯಿ ಕೊಟ್ಟು ಖರೀದಿಸಿತು. ಮುಂಧ್ರಾ ಆಗ ಸಾಲದಲ್ಲಿ ಮುಳುಗಿದ್ದರು. ನಿಗಮದ ಹೂಡಿಕೆ ಸಮಿತಿಯ ಸಲಹೆಯನ್ನು ಮುಂಚಿತವಾಗಿ ಪಡೆದಿರಲಿಲ್ಲ. ಕೊಟ್ಟ ಬೆಲೆಯೂ ಮಾರುಕಟ್ಟೆ ದರಕ್ಕಿಂತ ಹೆಚ್ಚಾಗಿತ್ತು. ಹಣ ಮಾತ್ರ ದೇಶದ ಲಕ್ಷಾಂತರ ಪಾಲಿಸಿದಾರರದ್ದು.

ಸೆಪ್ಟೆಂಬರ್‌ನಲ್ಲಿ ಪ್ರಶ್ನೋತ್ತರ ವೇಳೆಯಲ್ಲಿ ವಿಷಯ ಪ್ರಸ್ತಾಪವಾಯಿತು. ಸರಕಾರದ ಉತ್ತರ ಫಿರೋಜ್ ಅವರಿಗೆ ಸಮಾಧಾನ ತರಲಿಲ್ಲ. ಡಿಸೆಂಬರ್ 16ರಂದು ಅವರು ಲೋಕಸಭೆಯಲ್ಲಿ ಇಡೀ ವ್ಯವಹಾರವನ್ನು ಬಿಚ್ಚಿಟ್ಟರು. ಕುಸಿಯುತ್ತಿದ್ದ ಷೇರುಪೇಟೆಗೆ ಆಸರೆ ನೀಡಲು ಖರೀದಿ ನಡೆಯಿತು ಎಂಬ ಸಮರ್ಥನೆ ಏಕೆ ನಿಲ್ಲುವುದಿಲ್ಲ ಎಂಬುದನ್ನು ದಿನಾಂಕ ಹಾಗೂ ದರಗಳ ಸಹಿತ ತೋರಿಸಿದರು. ಸಂಸತ್ತೇ ಸೃಷ್ಟಿಸಿದ ಬೃಹತ್ ಹಣಕಾಸು ಸಂಸ್ಥೆಯ ಮೇಲೆ ಸಂಸತ್ತು ಕಣ್ಣಿಡಬೇಕು ಎಂಬುದು ಅವರ ವಾದದ ಸಾರ. ರಾಷ್ಟ್ರೀಕರಣವನ್ನು ಬೆಂಬಲಿಸಿದವರೇ ರಾಷ್ಟ್ರೀಕೃತ ಸಂಸ್ಥೆಯ ತಪ್ಪನ್ನು ಹೊರಗೆಡಹಿದ್ದು ಗಮನಾರ್ಹ. ಒಡೆತನ ಸರಕಾರದ ಕೈಗೆ ಬಂದ ಮಾತ್ರಕ್ಕೆ ಲೆಕ್ಕ ಕೇಳುವ ಹೊಣೆ ಮುಗಿಯಿತು ಎಂದು ಅವರು ಭಾವಿಸಲಿಲ್ಲ.

ಸರಕಾರ ತನಿಖೆಗೆ ಮಣಿಯಿತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ 1958ರ ಜನವರಿಯಲ್ಲಿ ನೇಮಕಗೊಂಡಿತು. ವಿಚಾರಣೆ ಬಹಿರಂಗವಾಗಿ ನಡೆಯಿತು. ಜನರ ನೂಕುನುಗ್ಗಲು ಎಷ್ಟಿತ್ತೆಂದರೆ ಹೊರಗೆ ನಿಂತವರಿಗಾಗಿ ಧ್ವನಿವರ್ಧಕ ಅಳವಡಿಸಬೇಕಾಯಿತು. ಆಯೋಗ ಒಂದು ತಿಂಗಳೊಳಗೆ ವರದಿ ಸಲ್ಲಿಸಿತು. ಖರೀದಿಯು ವ್ಯಾವಹಾರಿಕ ತತ್ತ್ವಗಳಿಗೆ ಅನುಗುಣವಾಗಿರಲಿಲ್ಲ, ಕಾರ್ಯದರ್ಶಿಯ ಕೃತ್ಯಕ್ಕೆ ಸಚಿವರು ಸಾಂವಿಧಾನಿಕ ಹೊಣೆ ಹೊರಲೇಬೇಕು ಎಂದು ಛಾಗ್ಲಾ ಅಭಿಪ್ರಾಯಪಟ್ಟರು. ನೆಹರೂ ಸಂಪುಟದ ಪ್ರಭಾವಿ ವಿತ್ತ ಸಚಿವ ಟಿ.ಟಿ. ಕೃಷ್ಣಮಾಚಾರಿ ಫೆಬ್ರವರಿಯಲ್ಲಿ ರಾಜೀನಾಮೆ ನೀಡಿದರು. ಮುಂಧ್ರಾ ಜೈಲು ಸೇರಿದರು.

ಬೇಲಿಯಾಚೆ ನಿಂತ ಧ್ವನಿ

ಈ ನಿಲುವಿಗೆ ಫಿರೋಜ್ ಬೆಲೆ ತೆರಬೇಕಾಯಿತು. ಮಾವ ಹಾಗೂ ಅಳಿಯನ ನಡುವಿನ ಸಂಬಂಧ ಮೊದಲೇ ತಣ್ಣಗಿತ್ತು. ಇಂದಿರಾ ತಂದೆಯೊಂದಿಗೆ ತೀನ್ ಮೂರ್ತಿ ಭವನದಲ್ಲಿದ್ದರೆ ಫಿರೋಜ್ ಸಂಸದರ ನಿವಾಸದಲ್ಲಿ ಪ್ರತ್ಯೇಕವಾಗಿ ವಾಸಿಸುತ್ತಿದ್ದರು. ಟಾಟಾ ಸಮೂಹದ ಟೆಲ್ಕೋ ಕಂಪನಿ ರೈಲು ಎಂಜಿನ್ನುಗಳಿಗೆ ವಿದೇಶೀ ದರಕ್ಕಿಂತ ಬಹಳ ಹೆಚ್ಚು ಬೆಲೆ ಪಡೆಯುತ್ತಿದೆ ಎಂದು ಆಕ್ಷೇಪಿಸಿ ಅದರ ರಾಷ್ಟ್ರೀಕರಣಕ್ಕೆ ಒತ್ತಾಯಿಸಿದಾಗ ಸ್ವಸಮುದಾಯದವರೇ ಆದ ಪಾರ್ಸಿಗಳು ಮುನಿಸಿಕೊಂಡರು. 1959ರಲ್ಲಿ ಇಂದಿರಾ ಕಾಂಗ್ರೆಸ್ ಅಧ್ಯಕ್ಷೆಯಾಗಿದ್ದಾಗ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ನೇತೃತ್ವದ ಚುನಾಯಿತ ಕಮ್ಯುನಿಸ್ಟ್ ಸರಕಾರವನ್ನು ವಜಾ ಮಾಡಲಾಯಿತು. ಅದನ್ನು ಒಪ್ಪದ ಕಾಂಗ್ರೆಸ್ಸಿಗರಲ್ಲಿ ಫಿರೋಜ್ ಕೂಡ ಒಬ್ಬರು.

1958ರಲ್ಲಿ ಹೃದಯಾಘಾತಕ್ಕೆ ತುತ್ತಾಗಿ ಚೇತರಿಸಿಕೊಂಡಿದ್ದ ಅವರಿಗೆ ಎರಡು ವರ್ಷಗಳ ನಂತರ ಮತ್ತೆ ಆಘಾತವಾಯಿತು. 1960ರ ಸೆಪ್ಟೆಂಬರ್ 8ರಂದು ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. 48 ತುಂಬಲು ನಾಲ್ಕೇ ದಿನ ಬಾಕಿಯಿತ್ತು. ಚಿತಾಭಸ್ಮದ ಒಂದು ಭಾಗ ಅಲಹಾಬಾದಿನ ಪಾರ್ಸಿ ರುದ್ರಭೂಮಿಯಲ್ಲಿದೆ.

ಕಾಯಿದೆಯ ಅಳಿವು, ಮರುಹುಟ್ಟು

ಫಿರೋಜ್ ನಿಧನದ ನಂತರವೂ ಅವರ ಕಾಯಿದೆಯ ಕತೆ ಮುಂದುವರಿಯಿತು. ಅದರಲ್ಲೊಂದು ಕೊರತೆಯಿತ್ತು. ರಾಜ್ಯ ಶಾಸಕಾಂಗಗಳ ಕಲಾಪ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಬಿಹಾರ ವಿಧಾನಸಭೆಯ ಕಡತದಿಂದ ತೆಗೆದುಹಾಕಿದ ಮಾತುಗಳನ್ನು ಪ್ರಕಟಿಸಿದ್ದಕ್ಕಾಗಿ ಪಟ್ನಾದ ಸರ್ಚ್‌ಲೈಟ್ ಪತ್ರಿಕೆಯ ಸಂಪಾದಕರು ಹಕ್ಕುಚ್ಯುತಿ ಆರೋಪ ಎದುರಿಸಬೇಕಾಯಿತು. 1958ರಲ್ಲಿ ಸುಪ್ರೀಂ ಕೋರ್ಟ್ ಸದನದ ಪರವಾಗಿ ತೀರ್ಪಿತ್ತಿತು.

ದೊಡ್ಡ ಪೆಟ್ಟು ಬಿದ್ದದ್ದು ತುರ್ತುಪರಿಸ್ಥಿತಿಯಲ್ಲಿ. 1975ರ ಜೂನ್‌ನಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಿದ ಇಂದಿರಾ ಗಾಂಧಿ ಸರಕಾರ, ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಫಿರೋಜ್ ಗಾಂಧಿ ಕಾಯಿದೆಯನ್ನು ರದ್ದುಗೊಳಿಸಿತು. 1976ರಲ್ಲಿ ಸಂಸತ್ತು ಅದಕ್ಕೆ ಮುದ್ರೆಯೊತ್ತಿತು. ಪತಿ ತಂದ ಕಾನೂನನ್ನು ಪತ್ನಿಯ ಸರಕಾರವೇ ಅಳಿಸಿಹಾಕಿತು. ಪ್ರತಿಪಕ್ಷದ ನಾಯಕರು ಬಂದೀಖಾನೆಯಲ್ಲಿದ್ದ ಆ ದಿನಗಳಲ್ಲಿ ಸಂಸತ್ತಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪ ವಿರೋಧದ ದನಿಯನ್ನೂ ಜನರಿಗೆ ಮುಟ್ಟಿಸುವ ದಾರಿ ಮುಚ್ಚಿತು.

1977ರ ಚುನಾವಣೆಯಲ್ಲಿ ಫಿರೋಜ್ ಪ್ರತಿನಿಧಿಸಿದ್ದ ರಾಯ್‌ಬರೇಲಿಯಲ್ಲೇ ಇಂದಿರಾ ಅವರು ರಾಜ್ ನಾರಾಯಣ್ ಎದುರು ಪರಾಭವಗೊಂಡರು. ಅಧಿಕಾರಕ್ಕೆ ಬಂದ ಮೊರಾರ್ಜಿ ದೇಸಾಯಿ ಸರಕಾರ ಅದೇ ವರ್ಷ ಕಾಯಿದೆಯನ್ನು ಮರಳಿ ತಂದಿತು. ಮತ್ತೊಮ್ಮೆ ಯಾರೂ ಸುಲಭವಾಗಿ ರದ್ದುಪಡಿಸದಂತೆ 1978ರ 44ನೇ ತಿದ್ದುಪಡಿಯ ಮೂಲಕ ಅದರ ತತ್ತ್ವವನ್ನು 361ಎ ವಿಧಿಯಾಗಿ ಸಂವಿಧಾನದಲ್ಲೇ ಸೇರಿಸಲಾಯಿತು. ಹಿಂದಿನ ಕೊರತೆಯೂ ನೀಗಿತು. ರಾಜ್ಯಗಳ ವಿಧಾನಸಭೆ, ವಿಧಾನ ಪರಿಷತ್ತುಗಳ ಕಲಾಪಗಳಿಗೂ ರಕ್ಷಣೆ ದೊರೆಯಿತು. ಕರ್ನಾಟಕದ ಉಭಯ ಸದನಗಳ ಪತ್ರಕರ್ತರ ಗ್ಯಾಲರಿಯಲ್ಲಿ ಕುಳಿತು ಬರೆಯುವವರಿಗೆ ಈ ಬಲ ಸಿಕ್ಕಿದ್ದು ಹೀಗೆ. ಗುಪ್ತ ಅಧಿವೇಶನದ ವರದಿಗೆ, ದುರುದ್ದೇಶದ ಬರಹಕ್ಕೆ ಮಾತ್ರ ಇದು ಅನ್ವಯವಾಗದು.

ರಾಯ್‌ಬರೇಲಿ ಜಿಲ್ಲೆಯ ಊಂಚಾಹಾರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಫಿರೋಜ್ ಗಾಂಧಿಯವರ ಹೆಸರಿಡಲಾಗಿದೆ. ಆದರೆ ಅವರು ಸಚಿವರಾಗಲಿಲ್ಲ, ಪಕ್ಷದ ಪದಾಧಿಕಾರವನ್ನೂ ಅರಸಿ ಹೋಗಲಿಲ್ಲ. ಹಿಂದಿನ ಸಾಲಿನ ಸದಸ್ಯನೊಬ್ಬ ಕಡತ ಓದಿ, ಲೆಕ್ಕ ಹಾಕಿ, ಸರಿಯಾದ ಪ್ರಶ್ನೆ ಕೇಳಿದರೆ ವಿತ್ತ ಸಚಿವರ ಕುರ್ಚಿಯೂ ಅಲುಗಾಡಬಲ್ಲದು ಎಂಬುದನ್ನು ಎಂಟು ವರ್ಷಗಳ ಲೋಕಸಭಾ ಸದಸ್ಯತ್ವದಲ್ಲಿ ತೋರಿಸಿಕೊಟ್ಟರು. ಪಕ್ಷದ ಸಚೇತಕಾಜ್ಞೆ ಮೀರಿದರೆ ಸದಸ್ಯತ್ವವೇ ಹೋಗುವ ಪಕ್ಷಾಂತರ ನಿಷೇಧ ನಿಯಮ 1985ರಲ್ಲಿ ಬಂದ ಮೇಲೆ ಆಡಳಿತ ಪಕ್ಷದ ಸದಸ್ಯರು ಸರಕಾರದ ವಿರುದ್ಧ ಮತ ಹಾಕುವುದು ಕಷ್ಟವಾಗಿದೆ. ಪ್ರಶ್ನೆ ಕೇಳುವುದನ್ನು ಮಾತ್ರ ಆ ನಿಯಮ ನಿಷೇಧಿಸಿಲ್ಲ.