ಕೋಡಿಗೆ ಬಾಗಿಲು ಇಟ್ಟ ವಿಶ್ವೇಶ್ವರಯ್ಯ

ನಾನು ಕಾಮರ್ಸ್ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ತೆರೆದಿಲ್ಲ. ಆದರೂ ಬಲ, ಒತ್ತಡ, ತೂಕದ ಪಾಠ ಯಾರಿಗೆ ಬೇಕು ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಹೇಳಬೇಕು ಅನ್ನಿಸುತ್ತದೆ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ಮೊದಲು ಓದಿದ್ದು ಚಿಕ್ಕಬಳ್ಳಾಪುರದಲ್ಲೇ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪಾಸಾದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆಗಳೇ ಎಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಕೋಡಿ ಅಂದರೆ ಏನೆಂದು ಹೇಳಬೇಕಾಗಿಲ್ಲ. ಕೋಡಿಯನ್ನು ಎತ್ತರಿಸಿದರೆ ಹೆಚ್ಚು ನೀರು ನಿಲ್ಲುತ್ತದೆ, ಆದರೆ ದೊಡ್ಡ ಮಳೆ ಬಂದರೆ ಕಟ್ಟೆಯೇ ಒಡೆಯಬಹುದು. ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯದಲ್ಲಿ ಇದ್ದದ್ದೂ ಇದೇ ತೊಂದರೆ. 1903ರಲ್ಲಿ ವಿಶ್ವೇಶ್ವರಯ್ಯನವರು ಅಲ್ಲಿನ ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚುವ ಗೇಟುಗಳನ್ನು ಹಾಕಿಸಿದರು.

ಇದರ ಗುಟ್ಟು ಬಾವಿಯಿಂದ ನೀರು ಸೇದಿದವರಿಗೆಲ್ಲ ಗೊತ್ತು. ಕೊಡ ನೀರಿನೊಳಗೆ ಇರುವವರೆಗೆ ಹಗುರ, ಮೇಲೆ ಬಂದ ಕೂಡಲೇ ಭಾರ. ನೀರು ತನ್ನಲ್ಲಿ ಮುಳುಗಿದ ವಸ್ತುವನ್ನು ಮೇಲಕ್ಕೆ ತಳ್ಳುತ್ತದೆ. ಗೇಟುಗಳಿಗೆ ಎದುರಾಗಿ, ತಕ್ಕಡಿಯ ಇನ್ನೊಂದು ತಟ್ಟೆಯಂತೆ, ಒಂದು ಭಾರವನ್ನು ತೊಟ್ಟಿಯೊಳಗೆ ತೂಗುಬಿಟ್ಟಿರುತ್ತಾರೆ. ಜಲಾಶಯ ತುಂಬಿ ಮಿತಿ ದಾಟಿದಾಗ ನೀರು ಆ ತೊಟ್ಟಿಗೆ ನುಗ್ಗುತ್ತದೆ. ಭಾರ ಹಗುರಾಗುತ್ತದೆ, ತಕ್ಕಡಿ ವಾಲುತ್ತದೆ, ಗೇಟು ತೆರೆಯುತ್ತದೆ. ನೀರು ಇಳಿದರೆ ತೊಟ್ಟಿ ಖಾಲಿ, ಗೇಟು ಮತ್ತೆ ಬಂದ್. ಮಧ್ಯರಾತ್ರಿ ಯಾರೂ ಓಡಿಬಂದು ಚಕ್ರ ತಿರುಗಿಸಬೇಕಾಗಿಲ್ಲ. ಪ್ರವಾಹವೇ ಕಾವಲುಗಾರ! ಈ ಗೇಟುಗಳಿಗೆ ಅವರು ಪೇಟೆಂಟ್ ಪಡೆದಿದ್ದರು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ನೀರು ಊರಿಗೆ ಬಂದ ಮೇಲೆ ತಡೆಯುವುದು ಕಷ್ಟ, ಮೇಲ್ಭಾಗದಲ್ಲೇ ಹಿಡಿದಿಟ್ಟು ನಿಧಾನವಾಗಿ ಬಿಡಬೇಕು ಎಂಬುದು ಅವರ ಸಲಹೆ. 1920ರಲ್ಲಿ ಉಸ್ಮಾನ್ ಸಾಗರ, ಆಮೇಲೆ ಹಿಮಾಯತ್ ಸಾಗರ ಅದರಂತೆ ಆದವು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನೀರಿನ ಒತ್ತಡ ಕೆರೆಯ ಅಗಲದ ಮೇಲಲ್ಲ, ಆಳದ ಮೇಲೆ ನಿಂತಿದೆ. ಅಲ್ಲಿ ಸುಮಾರು 124 ಅಡಿ ನೀರು ನಿಂತಾಗ ತಳದಲ್ಲಿ ಒಂದು ಚದರ ಮೀಟರಿಗೆ ಸುಮಾರು 38 ಟನ್ ಒತ್ತಡ ಬೀಳುತ್ತದೆ. ಅದಕ್ಕೇ ಗೋಡೆ ಕೆಳಗೆ ದಪ್ಪ, ಮೇಲೆ ತೆಳು. ಕಟ್ಟೆ ನಿಂತಿರುವುದು ತನ್ನ ತೂಕದಿಂದಲೇ. ಕಟ್ಟಲು ಬಳಸಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಲೆಕ್ಕ ಓದುವವನಾಗಿ ನನಗೆ ಈ ಉಳಿತಾಯ ಇಷ್ಟ. ಇಲ್ಲೂ ಸ್ವಯಂಚಾಲಿತ ಗೇಟುಗಳಿವೆ.

1912ರಲ್ಲಿ ದಿವಾನರಾದರು, ಮರುವರ್ಷ ಮೈಸೂರು ಬ್ಯಾಂಕ್ ಶುರುವಾಯಿತು. 1918ರಲ್ಲಿ ಆ ಹುದ್ದೆ ಬಿಟ್ಟರು. ಸರ್ಕಾರಿ ಕೆಲಸದಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡಬೇಕೆಂದು ಮಹಾರಾಜರು ಹೊರಟಿದ್ದರು, ಇವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆ ಸಮುದಾಯಗಳಲ್ಲಿ ಮುಸ್ಲಿಮರೂ ಇದ್ದರು. ಈ ವಿಷಯದಲ್ಲಿ ನಾನು ಮಹಾರಾಜರ ಪಕ್ಷ. ಅವರ ಕಟ್ಟೆಯ ಲೆಕ್ಕ ಸರಿ, ಇದು ಸರಿಯಲ್ಲ ಅನ್ನಿಸುತ್ತದೆ.

1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ದಾಟಿ 1962ರ ಏಪ್ರಿಲಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ. ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಚಿಕ್ಕಬಳ್ಳಾಪುರದಿಂದ ಹತ್ತಿರವೇ, ಸೈಕಲ್‌ನಲ್ಲೂ ಹೋಗಿಬರಬಹುದು.