ಒಡೆದ ಸಭೆಯನ್ನು ಒಂದುಗೂಡಿಸಿದ ಜಿನ್ಜೆನ್‌ಡಾರ್ಫ್

ಡಿಸೆಂಬರ್ ಬಂತೆಂದರೆ ಜರ್ಮನಿಯ ಚರ್ಚುಗಳಲ್ಲಿ, ಮನೆಗಳ ಬಾಲ್ಕನಿಗಳಲ್ಲಿ ಎಲ್ಲ ದಿಕ್ಕಿಗೂ ಕೋಡು ಚಾಚಿದ ನಕ್ಷತ್ರ ದೀಪ ಬೆಳಗುವುದನ್ನು ಇಲ್ಲಿರುವ ನಾವೆಲ್ಲ ನೋಡಿದ್ದೇವೆ. ಅದರ ಹೆಸರು ಹೆರ್ನ್‌ಹೂಟ್ ನಕ್ಷತ್ರ. ಹೆರ್ನ್‌ಹೂಟ್ ಎಂಬುದು ಸ್ಯಾಕ್ಸನಿ ರಾಜ್ಯದಲ್ಲಿ, ಪೋಲೆಂಡ್ ಮತ್ತು ಚೆಕ್ ಗಡಿಗಳ ಹತ್ತಿರ ಇರುವ ಪುಟ್ಟ ಊರು. 2024ರ ಜುಲೈನಲ್ಲಿ ನಮ್ಮ ನವದೆಹಲಿಯಲ್ಲಿ ನಡೆದ ಸಭೆಯಲ್ಲೇ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಊರಿಗೆ ನೆಲ ಕೊಟ್ಟು, ಅದು ಒಡೆದುಹೋಗದಂತೆ ಕಾಪಾಡಿದವನು ನಿಕೋಲಸ್ ಲುಡ್ವಿಗ್ ಫಾನ್ ಜಿನ್ಜೆನ್‌ಡಾರ್ಫ್.

ಆತ ಹುಟ್ಟಿದ್ದು 1700ರ ಮೇ 26ರಂದು, ಡ್ರೆಸ್ಡೆನ್‌ನ ಶ್ರೀಮಂತ ಮನೆತನದಲ್ಲಿ. ಹುಟ್ಟಿದ ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡರು. ದೈವಭಕ್ತೆಯಾದ ಅಜ್ಜಿ ಸಾಕಿ ಬೆಳೆಸಿದರು. ಹಾಲೆಯಲ್ಲಿ ಶಾಲೆ, ವಿಟೆನ್‌ಬರ್ಗ್‌ನಲ್ಲಿ ಕಾನೂನು ಓದು. ಹುಡುಗನಿಗೆ ಪಾದ್ರಿಯಾಗುವ ಆಸೆ. ಆದರೆ ಕೌಂಟ್ ಮನೆತನದವನು ಪಾದ್ರಿಯಾಗುವುದುಂಟೇ? ಮನೆಯವರ ಒತ್ತಾಯಕ್ಕೆ ಡ್ರೆಸ್ಡೆನ್‌ನಲ್ಲಿ ಸರ್ಕಾರಿ ಹುದ್ದೆಗೆ ಸೇರಿದ. 1722ರಲ್ಲಿ ಅಜ್ಜಿಯಿಂದ ಬೆರ್ತೆಲ್ಸ್‌ಡೋರ್ಫ್ ಹಳ್ಳಿಯ ಜಮೀನು ಕೊಂಡುಕೊಂಡ.

ಅದೇ ವರ್ಷ ಮೊರಾವಿಯಾದಿಂದ (ಇಂದಿನ ಚೆಕ್ ದೇಶದ ಭಾಗ) ಕೆಲವು ಕುಟುಂಬಗಳು ಗಡಿ ದಾಟಿ ಬಂದವು. 1415ರಲ್ಲಿ ಸುಡಲ್ಪಟ್ಟ ಯಾನ್ ಹುಸ್‌ನ ಹಾದಿ ಹಿಡಿದವರ ವಂಶದವರು ಇವರು. ಸ್ವಂತ ನಾಡಿನಲ್ಲಿ ತಮ್ಮ ನಂಬಿಕೆಯಂತೆ ಬದುಕಲು ಬಿಡಲಿಲ್ಲವೆಂದು ಊರು ಬಿಟ್ಟವರು. ಅವರನ್ನು ಕರೆತಂದವನು ಕ್ರಿಸ್ಟಿಯನ್ ಡೇವಿಡ್ ಎಂಬ ಬಡಗಿ. ಜಿನ್ಜೆನ್‌ಡಾರ್ಫ್ ಜಾಗ ಕೊಟ್ಟ. ಜೂನ್ 17ರಂದು ಡೇವಿಡ್ ಮೊದಲ ಮರ ಕಡಿದ, ಊರು ಶುರುವಾಯಿತು.

ಐದು ವರ್ಷಗಳಲ್ಲಿ ಜನಸಂಖ್ಯೆ ಸುಮಾರು 300ಕ್ಕೇರಿತು. ಮೊರಾವಿಯನ್ನರ ಜೊತೆ ಲೂಥರನ್ನರು, ರಿಫಾರ್ಮ್ಡ್ ಪಂಥದವರು ಬಂದು ಸೇರಿದರು. ಜೊತೆಗೆ ಜಗಳವೂ ಬಂತು! ಪ್ರಾರ್ಥನೆ ಹೇಗಿರಬೇಕು, ಊರಿನ ಲೂಥರನ್ ಚರ್ಚಿಗೆ ಹೋಗಬೇಕೋ ಬೇಡವೋ ಎಂದು ವಾದ. ಕ್ರೂಗರ್ ಎಂಬಾತನಂತೂ ಆಶ್ರಯ ಕೊಟ್ಟ ಜಿನ್ಜೆನ್‌ಡಾರ್ಫ್‌ನನ್ನೇ ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ಬರುವ ಮೃಗವೆಂದೂ, ಪಾದ್ರಿ ರೋಥೆಯನ್ನು ಸುಳ್ಳು ಪ್ರವಾದಿಯೆಂದೂ ಕರೆದ. ಬಡಗಿ ಡೇವಿಡ್ ಕೂಡ ಆ ಮಾತಿಗೆ ಮರುಳಾಗಿ ಊರ ಹೊರಗೆ ಬೇರೆ ಮನೆ ಕಟ್ಟಿಕೊಂಡ.

ನೆಲದ ಒಡೆಯ ಮನಸ್ಸು ಮಾಡಿದ್ದರೆ ಎಲ್ಲರನ್ನೂ ಹೊರಹಾಕಬಹುದಿತ್ತು. ಜಿನ್ಜೆನ್‌ಡಾರ್ಫ್ ಹಾಗೆ ಮಾಡಲಿಲ್ಲ. 1727ರಲ್ಲಿ ಹುದ್ದೆಗೆ ರಜೆ ಹಾಕಿ ಡ್ರೆಸ್ಡೆನ್ ಬಿಟ್ಟು ಅವರ ನಡುವೆಯೇ ಬಂದು ನೆಲೆಸಿದ. ಮನೆ ಮನೆಗೆ ಹೋಗಿ ಬೈದವರ ಜೊತೆಯೂ ಕೂತು ಮಾತನಾಡಿದ. ಮೇ 12ರಂದು ಊರವರು ಒಟ್ಟಿಗೆ ಬಾಳುವ ನಿಯಮಗಳಿಗೆ ಒಪ್ಪಿದರು. ಆರಿಸಿದ 12 ಹಿರಿಯರಲ್ಲಿ ಬೇರೆ ಮನೆ ಕಟ್ಟಿಕೊಂಡಿದ್ದ ಡೇವಿಡ್ ಕೂಡ ಒಬ್ಬ! ಸಣ್ಣ ಸಣ್ಣ ಗುಂಪುಗಳಾಗಿ ಕೂತು, ಇನ್ನೊಬ್ಬರ ತಪ್ಪಿನ ಬದಲು ತಮ್ಮ ತಮ್ಮ ತಪ್ಪುಗಳನ್ನು ಹೇಳಿಕೊಳ್ಳುವ ಅಭ್ಯಾಸ ಬೆಳೆಯಿತು. ಆಗಸ್ಟ್ 13ರಂದು ಬೆರ್ತೆಲ್ಸ್‌ಡೋರ್ಫ್ ಚರ್ಚಿನಲ್ಲಿ ಎಲ್ಲರೂ ಒಂದೇ ಪ್ರಭು ಭೋಜನದಲ್ಲಿ ಪಾಲ್ಗೊಂಡರು. ಯಾರೂ ವಾದದಲ್ಲಿ ಗೆದ್ದಿರಲಿಲ್ಲ, ಆದರೂ ಸಭೆ ಒಂದಾಗಿತ್ತು. ಅದೇ ತಿಂಗಳು ಆರಂಭವಾದ, ಹಗಲು ರಾತ್ರಿ ಸರದಿಯಲ್ಲಿ ನಡೆಯುವ ಪ್ರಾರ್ಥನೆ ನೂರು ವರ್ಷಕ್ಕೂ ಹೆಚ್ಚು ಕಾಲ ಮುಂದುವರಿಯಿತು.

ಮುಂದಿನದೆಲ್ಲ ಸುಗಮವಾಗಿರಲಿಲ್ಲ. 1736ರಲ್ಲಿ ಸ್ಯಾಕ್ಸನಿ ಸರ್ಕಾರ ಆತನನ್ನು ಗಡೀಪಾರು ಮಾಡಿತು. ಹಿಂದಿರುಗಲು ಅನುಮತಿ ಸಿಕ್ಕಿದ್ದು 1747ರಲ್ಲಿ. ಅಷ್ಟೂ ಕಾಲ ಹಣಕಾಸಿನ ಹೊರೆ ಹೊತ್ತವಳು ಪತ್ನಿ ಎರ್ಡ್‌ಮುತೆ. 1742ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೌಂಟ್ ಬಿರುದನ್ನು ಬದಿಗಿಟ್ಟು, ಅಲ್ಲಿನ ಜರ್ಮನ್ ಪಂಥಗಳನ್ನೆಲ್ಲ ಒಂದುಗೂಡಿಸಲು ಏಳು ಸಭೆ ನಡೆಸಿದ. ಒಂದೊಂದೇ ಪಂಥ ಹಿಂದೆ ಸರಿಯಿತು, ಪ್ರಯತ್ನ ಕೈಗೂಡಲಿಲ್ಲ.

ಇನ್ನೊಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. 1732ರಲ್ಲಿ ಹೆರ್ನ್‌ಹೂಟ್‌ನ ಇಬ್ಬರು ಕೆರಿಬಿಯನ್‌ನ ಸೇಂಟ್ ಥಾಮಸ್ ದ್ವೀಪಕ್ಕೆ, ಅಲ್ಲಿನ ಗುಲಾಮರಿಗೆ ಸುವಾರ್ತೆ ಹೇಳಲು ಹೊರಟರು. 1739ರಲ್ಲಿ ಜಿನ್ಜೆನ್‌ಡಾರ್ಫ್ ತಾನೇ ಅಲ್ಲಿಗೆ ಹೋಗಿ ಸೆರೆಯಲ್ಲಿದ್ದ ಮಿಷನರಿಗಳನ್ನು ಬಿಡಿಸಿದ. ಆದರೆ ಗುಲಾಮರಿಗೆ ಆತ ಹೇಳಿದ್ದು ಒಡೆಯರಿಗೆ ವಿಧೇಯರಾಗಿರಿ ಎಂದು. ಮಿಷನ್ ತಾನೂ ಗುಲಾಮರಿದ್ದ ತೋಟ ಇಟ್ಟುಕೊಂಡಿತ್ತು. ಹೆರ್ನ್‌ಹೂಟ್‌ನಲ್ಲಿ ಮೇಲಿನವನೇ ತಗ್ಗಿದ್ದರಿಂದ ಒಗ್ಗಟ್ಟು ಮೂಡಿತ್ತು. ಇಲ್ಲಿ ತಗ್ಗಬೇಕೆಂದು ಹೇಳಿದ್ದು ಕೆಳಗಿದ್ದವರಿಗೆ. ಅದನ್ನು ವಿನಯ ಎನ್ನಲಾಗದು.

1760ರ ಮೇ 9ರಂದು ಆತ ಹೆರ್ನ್‌ಹೂಟ್‌ನಲ್ಲಿ ಕಣ್ಮುಚ್ಚಿದ. ಮೊರಾವಿಯನ್ ಸಭೆ ಅಷ್ಟರಲ್ಲಿ ಹಲವು ದೇಶಗಳಿಗೆ ಹಬ್ಬಿತ್ತು. 1885ರಲ್ಲಿ ನಮ್ಮ ಲಡಾಖಿನ ಲೇಹ್‌ಗೂ ಬಂತು. 1731ರಿಂದ ಅಚ್ಚಾಗುತ್ತಿರುವ, ದಿನಕ್ಕೊಂದು ಬೈಬಲ್ ವಚನ ಕೊಡುವ ಪುಸ್ತಕ ಈಗಲೂ ಪ್ರತಿವರ್ಷ ಹೊರಬರುತ್ತಿದೆ.

ಸ್ಯಾಕ್ಸನಿಯ ಕಡೆ ಹೋದವರು ಹೆರ್ನ್‌ಹೂಟ್‌ನ ಸ್ಮಶಾನವನ್ನು ತಪ್ಪದೆ ನೋಡಿ. ಬಡಗಿಯಿರಲಿ, ಧನಿಕನಿರಲಿ, ನೆಲಕ್ಕೆ ಸಮನಾಗಿ ಹಾಸಿದ ಸರಳ ಕಲ್ಲು, ತೀರಿಕೊಂಡ ಕ್ರಮದಲ್ಲೇ ಸಾಲು. ನಡುವೆ ಮಾತ್ರ ಕೆಲವು ದೊಡ್ಡ ಕಲ್ಲುಗಳು ಎತ್ತರದಲ್ಲಿವೆ. ಅವು ಕೌಂಟ್ ಮನೆತನದವರವು!